ಗಾಳಿಯಲ್ಲಿ ಸಾರಜನಕ, ಕೆಸರಿನಲ್ಲಿ ರಂಜಕ: ಕಾಸರಗೋಡಿನ ಕೆರೆಗಳಲ್ಲಿ ನಡೆಯುವ ಪೈಪೋಟಿ

ಬೇಸಗೆ ಬಲಿಯುತ್ತಿದ್ದಂತೆ ಕುಂಬಳೆ, ಬದಿಯಡ್ಕ, ಪೈವಳಿಕೆ, ಎಣ್ಮಕಜೆ ಕಡೆಯ ತೋಟದ ಕೆರೆಗಳಲ್ಲೂ ಮದಕಗಳಲ್ಲೂ ಹಸಿರು ಕೆನೆ ಕಟ್ಟುವುದು ಯಾರಿಗೂ ಹೊಸ ಸಂಗತಿಯಲ್ಲ. ನೀರು ಹಸಿರಾದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ತೋಟಕ್ಕೆ ಹಾಕಿದ ಯೂರಿಯಾ ಇಳಿದು ಬಂದಿದೆ ಎಂಬುದು ಒಂದು. ನಿಂತ ನೀರು, ಹಾಗಾಗಿ ಪಾಚಿ ಹಿಡಿದಿದೆ ಎಂಬುದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಕೆರೆಯನ್ನು ಉಳಿಸಿಕೊಳ್ಳಬೇಕೆಂದು ಹೊರಟವರಿಗೆ ಇಷ್ಟು ಸಾಲದು. ನೀರನ್ನು ಹಸಿರಾಗಿಸುವ ಜೀವಿಗಳಲ್ಲಿ ಒಂದು ದೊಡ್ಡ ಗುಂಪಿಗೆ ನಮ್ಮ ಯೂರಿಯಾದ ಹಂಗೇ ಇಲ್ಲ. ತನಗೆ ಬೇಕಾದ ಸಾರಜನಕವನ್ನು ಅದು ಗಾಳಿಯಿಂದಲೇ ಪಡೆಯುತ್ತದೆ. ಆ ಗುಂಪು ಜಗಳವಾಡುವುದು ಬೇರೆ ವಸ್ತುಗಳಿಗಾಗಿ. ಮೊದಲಿಗೆ ರಂಜಕ (ಫಾಸ್ಫರಸ್), ಅದರ ಹಿಂದೆ ಕಬ್ಬಿಣ ಮತ್ತು ಮಾಲಿಬ್ಡಿನಂ ಎಂಬ ಲೋಹ. ಕಾಸರಗೋಡಿನ ಕೆಂಪು ಮಣ್ಣಿಗೂ ಈ ಮೂರಕ್ಕೂ ಇರುವ ನಂಟನ್ನು ಅರಿತರೆ, ಹಸಿರಾದ ಕೆರೆಯ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ಸ್ಪಷ್ಟವಾಗುತ್ತದೆ: ರಂಜಕ ಎಲ್ಲಿಂದ ಬಂತು?

ನಾವು ಪಾಚಿ ಎನ್ನುವುದೆಲ್ಲ ಒಂದೇ ಜಾತಿಯದ್ದಲ್ಲ. ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಕೋಲನ್ನು ಕೆನೆಯೊಳಗೆ ಅದ್ದಿ ಎತ್ತಿ. ಉದ್ದನೆಯ ಹಸಿರು ಎಳೆಗಳು ಕೋಲಿಗೆ ಜೋತುಬಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ಎಳೆಯೇನೂ ಸಿಗದೆ ಕೋಲಿನ ಮೇಲೆ ಹಸಿರು ಬಣ್ಣ ಮಾತ್ರ ಹತ್ತಿಕೊಂಡರೆ ಅದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ ಆಗಿರುವ ಸಂಭವ ಹೆಚ್ಚು. ಅದೇ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಅಲುಗಿಸದೆ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಕೆರೆಗಳಲ್ಲಿ ಕೆನೆ ಕಟ್ಟುವ ಸಯನೋಬ್ಯಾಕ್ಟೀರಿಯಾಗಳ ಜೀವಕೋಶದೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಗಳಿರುತ್ತವೆ. ಹಾಗಾಗಿ ಅವು ಮೇಲಕ್ಕೆ ತೇಲಿ ಪದರ ಕಟ್ಟುತ್ತವೆ. ಉಳಿದ ಪಾಚಿಗಳಲ್ಲಿ ಹೆಚ್ಚಿನವು ತಳಕ್ಕೆ ಇಳಿಯುತ್ತವೆ.

ಹೆಸರಿನಲ್ಲಿ ಪಾಚಿ ಇದ್ದರೂ ಇವು ಬ್ಯಾಕ್ಟೀರಿಯಾಗಳು. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಆಮ್ಲಜನಕ ಹೊರಬಿಡುವ ವಿದ್ಯೆ ಭೂಮಿಯ ಮೇಲೆ ಮೊದಲು ಸಿದ್ಧಿಸಿದ್ದು ಇವಕ್ಕೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ನಮ್ಮ ವಾತಾವರಣಕ್ಕೆ ಆಮ್ಲಜನಕ ಸೇರಿದ್ದು ಇವುಗಳಿಂದ. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಗಳು ಕಪ್ಪಾಗುವುದರಲ್ಲಿ, ಅಂಗಳದಲ್ಲಿ ಕಾಲು ಜಾರಿಸುವ ಲೋಳೆಯಲ್ಲಿ ಇದೇ ಕುಲದವು ಇರುತ್ತವೆ. ಇವುಗಳಲ್ಲಿ ಕೆಲವು ಮಾತ್ರ ಗಾಳಿಯ ಸಾರಜನಕವನ್ನು ಹಿಡಿಯಬಲ್ಲವು. ನಿಂತ ಸಿಹಿನೀರಿನಲ್ಲಿ ಅನಬೀನಾ, ಅಫನಿಜೊಮೆನಾನ್, ರಾಫಿಡಿಯೋಪ್ಸಿಸ್, ಗ್ಲಿಯೋಟ್ರೈಕಿಯಾ ಇಂಥವು. ಕೆರೆಗಳಲ್ಲಿ ಅತಿ ಹೆಚ್ಚು ಕುಖ್ಯಾತಿ ಪಡೆದ ಮೈಕ್ರೋಸಿಸ್ಟಿಸ್‌ಗೆ ಈ ಸಾಮರ್ಥ್ಯವಿಲ್ಲ. ಇಡೀ ಪೈಪೋಟಿ ಅರ್ಥವಾಗಬೇಕಾದರೆ ಈ ವ್ಯತ್ಯಾಸವನ್ನು ಮರೆಯಬಾರದು.

ಅನಬೀನಾದ ಒಂದು ಎಳೆಯನ್ನು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಪೋಣಿಸಿದ ಮಣಿಸರದಂತೆ ಕಾಣುತ್ತದೆ. ಹತ್ತಿಪ್ಪತ್ತು ಹಸಿರು ಕೋಶಗಳಿಗೊಮ್ಮೆ ಒಂದು ಬೇರೆಯದೇ ಕೋಶವಿರುತ್ತದೆ. ಗಾತ್ರದಲ್ಲಿ ತುಸು ದೊಡ್ಡದು, ಬಣ್ಣದಲ್ಲಿ ಮಂಕು, ಗೋಡೆ ದಪ್ಪ, ಎರಡು ತುದಿಗಳಲ್ಲಿ ಹೊಳೆಯುವ ಒಂದೊಂದು ಚುಕ್ಕೆ. ಅದೇ ಹೆಟೆರೋಸಿಸ್ಟ್. ಸಾರಜನಕ ಹಿಡಿಯುವ ಕೆಲಸ ನಡೆಯುವುದು ಅದರೊಳಗೆ. ಆ ಕೆಲಸ ಮಾಡುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಟ್ಟುಹೋಗುತ್ತದೆ. ಅದಕ್ಕೇ ಆ ಕೋಶ ಗೋಡೆಯನ್ನು ದಪ್ಪ ಮಾಡಿಕೊಂಡು, ಆಮ್ಲಜನಕ ಬಿಡುವ ತನ್ನ ಯಂತ್ರವನ್ನು ತಾನೇ ನಿಲ್ಲಿಸಿಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಅದಕ್ಕೆ ಸಕ್ಕರೆ ಕೊಡುತ್ತವೆ. ಅದು ಅವಕ್ಕೆ ಸಾರಜನಕ ಸೇರಿದ ಗ್ಲುಟಮಿನ್ ಕೊಡುತ್ತದೆ. ಒಮ್ಮೆ ಹೆಟೆರೋಸಿಸ್ಟ್ ಆದ ಕೋಶ ಮತ್ತೆ ವಿಭಜನೆಯಾಗುವುದಿಲ್ಲ, ಸಂತಾನವನ್ನು ಬಿಟ್ಟುಕೊಟ್ಟು ಎಳೆಗಾಗಿ ದುಡಿಯುತ್ತದೆ. ನೀರಿನಲ್ಲಿ ಸಾರಜನಕ ಬರಿದಾದ ಮೇಲೆ ಒಂದು ಸಾಮಾನ್ಯ ಕೋಶ ಹೀಗೆ ಬದಲಾಗಲು ಸುಮಾರು 24 ಗಂಟೆ ಸಾಕು.

ಈ ವಿದ್ಯೆ ಬಿಟ್ಟಿಯಾಗಿ ಬರುವುದಿಲ್ಲ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಅದರ ಎರಡು ಪರಮಾಣುಗಳ ನಡುವಿನ ಬಂಧ ಬಹಳ ಗಟ್ಟಿ. ಒಂದು ಅಣುವನ್ನು ಒಡೆದು ಅಮೋನಿಯಾ ಮಾಡಲು ಕೋಶ ತನ್ನ ಶಕ್ತಿಯ ನಾಣ್ಯಗಳಾದ ಎಟಿಪಿ ಅಣುಗಳಲ್ಲಿ 16ನ್ನು, 8 ಎಲೆಕ್ಟ್ರಾನುಗಳನ್ನು ವ್ಯಯಿಸಬೇಕು. ಹಾಗಾಗಿ ನೀರಿನಲ್ಲಿ ಅಮೋನಿಯಾವೋ ನೈಟ್ರೇಟೋ ಸಾಕಷ್ಟು ಸಿಗುತ್ತಿರುವಷ್ಟು ಕಾಲ ಅನಬೀನಾ ಹೆಟೆರೋಸಿಸ್ಟ್ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಅಂಥ ನೀರಿನಲ್ಲಿ ಬೇಗ ಬೇಗ ಬೆಳೆಯುವ ಹಸಿರು ಪಾಚಿಗಳೋ ಮೈಕ್ರೋಸಿಸ್ಟಿಸೋ ಅದನ್ನು ಹಿಂದಿಕ್ಕುತ್ತವೆ. ಅದರ ಸರದಿ ಬರುವುದು ಸಾರಜನಕ ಮುಗಿದು ರಂಜಕ ಇನ್ನೂ ಉಳಿದಿರುವಾಗ. ಉಳಿದವರೆಲ್ಲ ಹಸಿದಿರುವ ಹೊತ್ತಿನಲ್ಲಿ ಅದು ಗಾಳಿಯಿಂದ ಉಣ್ಣುತ್ತದೆ, ಮಿಕ್ಕ ರಂಜಕವೆಲ್ಲ ಅದರ ಪಾಲಾಗುತ್ತದೆ.

ನೀರಿನ ಸೂಕ್ಷ್ಮ ಸಸ್ಯಗಳಿಗೆ ಸರಾಸರಿ 16 ಸಾರಜನಕ ಪರಮಾಣುಗಳಿಗೆ ಒಂದು ರಂಜಕ ಪರಮಾಣು ಬೇಕು. ತೂಕದಲ್ಲಿ ಹೇಳುವುದಾದರೆ ಸುಮಾರು ಏಳಕ್ಕೆ ಒಂದು. ಹಟ್ಟಿಗೊಬ್ಬರ, ಕೋಳಿಗೊಬ್ಬರಗಳಲ್ಲಿ ರಂಜಕದ ಪಾಲು ಇದಕ್ಕಿಂತ ಹೆಚ್ಚಿರುತ್ತದೆ. ಜೊತೆಗೆ ದಾರಿಯಲ್ಲಿ ಸಾರಜನಕದ ಒಂದಂಶ ಗಾಳಿಗೆ ಹಾರಿಹೋಗುತ್ತದೆ. ರಂಜಕಕ್ಕೆ ಅನಿಲ ರೂಪದ ದಾರಿ ಇಲ್ಲದ ಕಾರಣ ಅದು ಮಣ್ಣಿಗೋ ನೀರಿಗೋ ಸೇರಿ ಇಲ್ಲಿಯೇ ಉಳಿಯಬೇಕು. ಹಟ್ಟಿ ತೊಳೆದ ನೀರು ಹರಿದು ಬರುವ ಕೆರೆಯಲ್ಲಿ ಸಾರಜನಕ ಮೊದಲು ಮುಗಿದು ರಂಜಕ ಮಿಗುವುದು ಹೀಗೆ. ಸಾರಜನಕ ಹಿಡಿಯುವವರಿಗೆ ನಾವೇ ಬಾಗಿಲು ತೆರೆದುಕೊಟ್ಟಂತಾಯಿತು.

ಸಾರಜನಕ ಹಿಡಿಯಬಲ್ಲವರು ಒಂದಕ್ಕಿಂತ ಹೆಚ್ಚು ಜಾತಿಯವರಿದ್ದರೆ ಗೆಲ್ಲುವವರು ಯಾರು? ಅಮೆರಿಕದ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ 1977ರಲ್ಲಿ ಡಯಾಟಂ ಎಂಬ ಸೂಕ್ಷ್ಮ ಪಾಚಿಯ ಎರಡು ಜಾತಿಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿ ಪ್ರಕಟಿಸಿದ ಪ್ರಯೋಗದಿಂದ ಒಂದು ಸರಳ ನಿಯಮ ಬೆಳಕಿಗೆ ಬಂತು. ಕೊರತೆಯಿರುವ ಪೋಷಕಾಂಶವನ್ನು ಯಾರು ಅತಿ ಕೆಳಮಟ್ಟಕ್ಕೆ ಇಳಿಸಿಯೂ ಬದುಕಬಲ್ಲರೋ ಕೊನೆಗೆ ಉಳಿಯುವವರು ಅವರೇ. ಎದುರಾಳಿಗೆ ಸಾಲದಷ್ಟು ಕಡಿಮೆ ರಂಜಕದಲ್ಲಿ ತಾನು ಬೆಳೆಯುತ್ತಾ ಇದ್ದರೆ ಸಾಕು, ಬೇರೆ ಆಯುಧ ಬೇಕಿಲ್ಲ.

ಈ ನಿಯಮ ಹೊಂದುವುದು ಪೋಷಕಾಂಶ ಒಂದೇ ಸಮನೆ ಬರುತ್ತಿರುವ ನೀರಿಗೆ. ನಮ್ಮಲ್ಲಿ ಹಾಗಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಒಂದೊಂದು ದೊಡ್ಡ ಮಳೆಗೂ ರಂಜಕದ ಒಂದೊಂದು ಹೊರೆ ಕೆರೆಗೆ ಬೀಳುತ್ತದೆ, ಆಮೇಲೆ ಬರ. ಅಂಥಲ್ಲಿ ಗೆಲ್ಲುವುದಕ್ಕೆ ಬೇರೆ ಗುಣಗಳು ಬೇಕು. ಸಿಕ್ಕಾಗ ಬೇಗನೆ ನುಂಗುವುದು ಒಂದು ಗುಣ. ನುಂಗಿದ್ದನ್ನು ಕೂಡಿಡುವುದು ಇನ್ನೊಂದು. ಸಯನೋಬ್ಯಾಕ್ಟೀರಿಯಾಗಳು ಆ ಹೊತ್ತಿನ ಅಗತ್ಯಕ್ಕಿಂತ ಹೆಚ್ಚಿನ ರಂಜಕವನ್ನು ಹೀರಿಕೊಂಡು ಪಾಲಿಫಾಸ್ಫೇಟ್ ಎಂಬ ಕಾಳುಗಳಾಗಿ ಕೋಶದೊಳಗೆ ಸಂಗ್ರಹಿಸುತ್ತವೆ. ಆ ದಾಸ್ತಾನಿನ ಬಲದಿಂದ, ಹೊರಗೆ ರಂಜಕ ಇಲ್ಲವೆನ್ನುವಷ್ಟಾದ ಮೇಲೂ ಹಲವು ಪೀಳಿಗೆ ಬೆಳೆಯುತ್ತವೆ. ಕರಗಿದ ರಂಜಕವನ್ನು ಮಾತ್ರ ಅಳೆದವರು 'ನೀರಿನಲ್ಲಿ ರಂಜಕವೇ ಇಲ್ಲ, ಪಾಚಿ ಹೇಗೆ ಬಂತು' ಎಂದು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ರಂಜಕವೆಲ್ಲ ಆಗಲೇ ಪಾಚಿಯ ಹೊಟ್ಟೆ ಸೇರಿರುತ್ತದೆ.

ಈ ಎರಡು ಗುಣಗಳಲ್ಲೂ ರಾಫಿಡಿಯೋಪ್ಸಿಸ್ ರಾಸಿಬೋರ್ಸ್ಕಿಯ್ ಎಂಬ ಜಾತಿ ಬಹಳ ಮುಂದು. ಇದನ್ನು ಮೊದಲು ವರ್ಣಿಸಿದ್ದು 1912ರಲ್ಲಿ, ಜಾವಾ ದ್ವೀಪದ ನೀರಿನಿಂದ. ಬಹಳ ಕಾಲ ಇದು ಸಿಲಿಂಡ್ರೋಸ್ಪರ್ಮಾಪ್ಸಿಸ್ ಎಂಬ ಹೆಸರಿನಲ್ಲಿತ್ತು. ಉಷ್ಣವಲಯದ ಈ ಜೀವಿ ಈಗ ಯೂರೋಪು ಮತ್ತು ಉತ್ತರ ಅಮೆರಿಕದ ಸರೋವರಗಳಿಗೂ ಹಬ್ಬಿದೆ. ಅತ್ಯಲ್ಪ ರಂಜಕವನ್ನೂ ಹೆಕ್ಕಿ ತೆಗೆಯುತ್ತದೆ, ಸಿಕ್ಕಿದ್ದನ್ನು ಧಾರಾಳವಾಗಿ ಕೂಡಿಡುತ್ತದೆ, ಮಬ್ಬು ಬೆಳಕಿನಲ್ಲೂ ಬೆಳೆಯುತ್ತದೆ. ಅಮೋನಿಯಾ ಸಿಕ್ಕರೆ ಅದನ್ನೇ ತಿನ್ನುತ್ತದೆ, ಸಿಗದಿದ್ದರೆ ಮಾತ್ರ ಎಳೆಯ ತುದಿಯಲ್ಲಿ ಹೆಟೆರೋಸಿಸ್ಟ್ ಕಟ್ಟಿಕೊಳ್ಳುತ್ತದೆ. ನೀರಿನ ಮೇಲೆ ಕೆನೆಯಾಗಿ ಕಾಣಿಸದೆ ನೀರಿನೊಳಗೆ ಹರಡಿಕೊಂಡಿರುವುದೂ ಉಂಟು. ಆದ್ದರಿಂದ ಕಣ್ಣಿಗೆ ಕಾಣುವ ಕೆನೆಯನ್ನೇ ನಂಬಿ ಕೆರೆಯ ಆರೋಗ್ಯ ನಿರ್ಧರಿಸುವುದು ಅಪಾಯ. ಗ್ಲಿಯೋಟ್ರೈಕಿಯಾದ ಉಪಾಯವೇ ಬೇರೆ. ಅದು ಕೆಸರಿನ ಮೇಲೆ ಕುಳಿತು ಹೊಟ್ಟೆ ತುಂಬ ರಂಜಕ ಹೀರಿ, ಆಮೇಲೆ ತೇಲಿ ಮೇಲೆ ಬರುತ್ತದೆ. ತಳದ ರಂಜಕವನ್ನು ಹೊತ್ತು ತರುವ ಹಮಾಲಿಯೂ ಅದೇ.

ಇನ್ನು ಕಬ್ಬಿಣ. ಇಲ್ಲಿ ನಮ್ಮ ನೆಲದ ಕಥೆ ಶುರುವಾಗುತ್ತದೆ.

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಫ್ರಾನ್ಸಿಸ್ ಬುಕನನ್ ಕೊಟ್ಟದ್ದು ಇದೇ ಮಲಬಾರಿನ ಅಂಗಾಡಿಪುರದ ಕಲ್ಲನ್ನು ನೋಡಿ. ಲಕ್ಷಾಂತರ ವರ್ಷಗಳ ಮಳೆಗೆ ಸುಣ್ಣ, ಪೊಟ್ಯಾಷ್ ಮುಂತಾದವೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದದ್ದೇ ಈ ಕಲ್ಲು, ಈ ಮಣ್ಣು. ಅದು ಹುಳಿ ಮಣ್ಣು. ಸಸ್ಯಗಳಿಗೆ ಸಿಗುವ ಸಾರಜನಕ ನಮ್ಮ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬೋಳು ದಿಣ್ಣೆಗಳಲ್ಲಿ, ಎಷ್ಟು ಕಡಿಮೆ ಎಂದು ತಿಳಿಯಲು ಮಳೆಗಾಲದಲ್ಲಿ ಅಲ್ಲಿ ಅರಳುವ ನೀಲಿ ಹೂಗಳನ್ನು ನೋಡಿದರೆ ಸಾಕು. ಓಣಂ ಹೂವಿನ ರಂಗೋಲಿಗೆ ಮಲಯಾಳಿಗರು ಕಿತ್ತು ತರುವ ಕಾಕ್ಕಪೂವು ಯೂಟ್ರಿಕ್ಯುಲೇರಿಯಾ ಕುಲದ್ದು, ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ನೆಲದಲ್ಲಿ ಸಿಗದ ಸಾರಜನಕವನ್ನು ಅದು ಬೇಟೆಯಿಂದ ಪಡೆಯುತ್ತದೆ. ಅದೇ ಪದವಿನಲ್ಲಿ ನೀರು ನಿಲ್ಲುವ ಪಳ್ಳಗಳಲ್ಲಿ ಸಯನೋಬ್ಯಾಕ್ಟೀರಿಯಾಗಳು ಗಾಳಿಯಿಂದ ಪಡೆಯುತ್ತವೆ.

ನೈಟ್ರೋಜಿನೇಸ್ ಕಿಣ್ವದ ಹೃದಯಭಾಗದಲ್ಲಿ ಏಳು ಕಬ್ಬಿಣದ ಪರಮಾಣುಗಳೂ ಒಂದು ಮಾಲಿಬ್ಡಿನಂ ಪರಮಾಣುವೂ ಇವೆ. ಆದ್ದರಿಂದ ಸಾರಜನಕ ಹಿಡಿಯುವವರಿಗೆ ಉಳಿದ ಪಾಚಿಗಳಿಗಿಂತ ಹೆಚ್ಚು ಕಬ್ಬಿಣ ಬೇಕು. ಕೆಂಪು ಮಣ್ಣಿನ ನಾಡಿನಲ್ಲಿ ಕಬ್ಬಿಣಕ್ಕೇನು ಬರ ಎಂದು ಕೇಳಬಹುದು. ಮಣ್ಣಿನಲ್ಲಿರುವುದು ತುಕ್ಕಿನ ರೂಪದ ಕಬ್ಬಿಣ. ಗಾಳಿಯಾಡುವ ನೀರಿನಲ್ಲಿ ಅದು ಕರಗುವುದೇ ಇಲ್ಲ ಎನ್ನಬಹುದು. ಅನಬೀನಾದಂಥವು ಕಬ್ಬಿಣವನ್ನು ಹಿಡಿದು ತರುವ ಸೈಡರೋಫೋರ್ ಎಂಬ ಅಣುಗಳನ್ನು ನೀರಿಗೆ ಬಿಟ್ಟು ಈ ತೊಡಕನ್ನು ದಾಟುತ್ತವೆ. ಹಾಗೆ ಬಂಧಿಸಿದ ಕಬ್ಬಿಣ ಬೇರೆ ಪಾಚಿಗಳ ಕೈಗೆ ಸುಲಭವಾಗಿ ಸಿಗುವುದಿಲ್ಲ. ನೀಲಿ-ಹಸಿರು ಪಾಚಿಗಳು ಎದುರಾಳಿಗಳನ್ನು ಹೀಗೆಯೇ ಮಣಿಸುತ್ತವೆ ಎಂದು ಕೆನಡಾದ ಸಂಶೋಧಕರು 1976ರಲ್ಲೇ ತೋರಿಸಿದ್ದರು.

ರಂಜಕದ ಬೀಗವೂ ಇದೇ ಕಬ್ಬಿಣದ ಬಳಿ ಇದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ನಾವು ಹಾಕಿದ ರಾಕ್ ಫಾಸ್ಫೇಟಿನ ಬಹುಪಾಲು ಬೆಳೆಗೂ ಸಿಗದೆ, ನೀರಿಗೂ ಇಳಿಯದೆ ಮಣ್ಣಿನಲ್ಲೇ ಕೂರುವುದು ಹಾಗೆ. ಮಣ್ಣು ಇದ್ದಲ್ಲೇ ಇದ್ದರೆ ಕೆರೆಗೆ ಭಯವಿಲ್ಲ. ಆದರೆ ಗುಡ್ಡವನ್ನು ಜೆಸಿಬಿಯಿಂದ ಕೊರೆದು ತಟ್ಟು ಮಾಡಿದ ಮೇಲೆ ಬರುವ ಮೊದಲ ಮಳೆಗೆ ತೋಡಿನಲ್ಲಿ ಕೆಂಪು ನೀರು ಹರಿಯುತ್ತದಲ್ಲ, ಅದು ಹೊತ್ತು ತರುವುದು ರಂಜಕ ಅಂಟಿಕೊಂಡ ಮಣ್ಣನ್ನು. ಅದು ಕೆರೆಯ ತಳದಲ್ಲಿ ಕೆಸರಾಗಿ ಕೂರುತ್ತದೆ. ಬೇಸಗೆಯಲ್ಲಿ ತಳದ ಸೊಪ್ಪು, ಸೋಗೆ, ಕೊಳೆತ ಪಾಚಿ ಎಲ್ಲ ಸೇರಿ ಆಮ್ಲಜನಕವನ್ನು ಮುಗಿಸಿದಾಗ, ಕರಗದಿದ್ದ ಕಬ್ಬಿಣ ಕರಗುವ ರೂಪಕ್ಕೆ ತಿರುಗುತ್ತದೆ. ಅದು ಹಿಡಿದಿಟ್ಟಿದ್ದ ರಂಜಕವೂ ಆಗ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ಸರೋವರಗಳಲ್ಲಿ ಕ್ಲಿಫರ್ಡ್ ಮಾರ್ಟಿಮರ್ ಇದನ್ನು 1941-42ರಲ್ಲಿ ವಿವರವಾಗಿ ತೋರಿಸಿದರು. ಸಾರಜನಕ ಹಿಡಿಯುವವರಿಗೆ ಇದು ಹಬ್ಬ. ಕರಗಿದ ಕಬ್ಬಿಣ, ಕರಗಿದ ರಂಜಕ ಎರಡೂ ಒಟ್ಟಿಗೆ, ಅದೂ ಬಿಸಿಲು ಜೋರಾಗಿ ನೀರು ಅಲುಗಾಡದೆ ನಿಂತಿರುವ ಏಪ್ರಿಲ್‌ನಲ್ಲಿ. ಹೊರಗಿನಿಂದ ಗೊಬ್ಬರದ ಒಂದು ಹನಿ ಬೀಳದಿದ್ದರೂ ಹಳೆಯ ಕೆರೆಯೊಂದು ಹಸಿರಾಗುವುದು ಹೀಗೆ.

ಕೆರೆಗಳ ಹೂಳೆತ್ತುವ ಕೆಲಸ ನಮ್ಮಲ್ಲಿ ಉದ್ಯೋಗ ಖಾತರಿಯಲ್ಲಿ, 2016ರಲ್ಲಿ ಶುರುವಾದ ಹರಿತ ಕೇರಳಂ ಮಿಷನ್ನಿನಲ್ಲಿ ಅಲ್ಲಲ್ಲಿ ನಡೆದಿದೆ. ಅದು ಒಳ್ಳೆಯ ಕೆಲಸ. ಆದರೆ ತೆಗೆದ ಹೂಳನ್ನು ಕೆರೆಯ ದಂಡೆಯ ಮೇಲೇ ರಾಶಿ ಹಾಕಿದರೆ ಮೊದಲ ಎರಡು ಮಳೆಗೆ ಅರ್ಧ ವಾಪಸು. ಆ ಹೂಳು ಅಡಿಕೆ ತೋಟಕ್ಕೆ ಹೋಗಬೇಕು. ಅದಕ್ಕೆ ಸಾಗಣೆ ಖರ್ಚನ್ನೂ ಯೋಜನೆಯಲ್ಲೇ ಸೇರಿಸಬೇಕು. ಹೂಳನ್ನು ಎಲ್ಲಿಗೆ ಒಯ್ಯಲಾಗುತ್ತದೆ ಎಂದು ಬರೆಯದ ಅಂದಾಜುಪಟ್ಟಿಗೆ ಗ್ರಾಮಸಭೆ ಒಪ್ಪಿಗೆ ಕೊಡಬಾರದು.

ರಂಜಕ ಎಷ್ಟಿದ್ದರೆ ಸಾಕು? ಒಟ್ಟು ರಂಜಕ ಲೀಟರಿಗೆ 100 ಮೈಕ್ರೋಗ್ರಾಂ ದಾಟಿದ ನಿಂತ ನೀರನ್ನು ಅತಿಪೋಷಿತ ಎಂದು ಜಗತ್ತಿನಾದ್ಯಂತ ಪರಿಗಣಿಸುತ್ತಾರೆ. ಇದನ್ನು ನಮ್ಮ ತೋಟದ ಲೆಕ್ಕದಲ್ಲಿ ನೋಡೋಣ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಹೇಳುವುದು 100 ಗ್ರಾಂ ಸಾರಜನಕ, ರಂಜಕಕ್ಕಾಗಿ 40 ಗ್ರಾಂ ಫಾಸ್ಫೇಟ್ (P₂O₅), 140 ಗ್ರಾಂ ಪೊಟ್ಯಾಷ್. ಆ 40 ಗ್ರಾಂ ಫಾಸ್ಫೇಟಿನಲ್ಲಿ ಶುದ್ಧ ರಂಜಕ ಸುಮಾರು 17.5 ಗ್ರಾಂ. ಅಷ್ಟೂ ಕೆರೆಗೆ ಸೇರಿತೆಂದು ಊಹಿಸಿಕೊಳ್ಳಿ. 1,75,000 ಲೀಟರ್ ತಿಳಿನೀರನ್ನು ಆ ಮಿತಿಗೆ ಮುಟ್ಟಿಸಲು ಅದು ಸಾಕು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂಮುಕ್ಕಾಲು ಮೀಟರ್ ನೀರಿರುವ ಒಂದು ಕೆರೆಯನ್ನು ಕೆಡಿಸಲು ಒಂದೇ ಒಂದು ಮರದ ವರ್ಷದ ಗೊಬ್ಬರ! ಅಷ್ಟೂ ಹರಿದು ಹೋಗುವುದಿಲ್ಲ, ಕೆಂಪು ಮಣ್ಣು ಬಿಡುವುದಿಲ್ಲ, ನಿಜ. ಆದರೆ ಸಾವಿರ ಮರದ ತೋಟದಲ್ಲಿ ನೂರರಲ್ಲಿ ಒಂದು ಪಾಲು ಕೊಚ್ಚಿಹೋದರೂ ಹತ್ತು ಮರಗಳ ಪಾಲು ಆಯಿತು. ರಂಜಕದ ವಿಷಯದಲ್ಲಿ ಬೆಳೆಯ ಅಳತೆಗೂ ಕೆರೆಯ ಅಳತೆಗೂ ಇರುವ ಅಂತರ ಇಷ್ಟು ದೊಡ್ಡದು ಎಂಬುದು ನಮ್ಮ ಕೃಷಿಕರಿಗೆ ಯಾರೂ ಬಿಡಿಸಿ ಹೇಳಿದ ಹಾಗಿಲ್ಲ.

ವರ್ಷಾನುಗಟ್ಟಲೆ ಫಾಸ್ಫೇಟ್ ಹಾಕಿದ ಕೇರಳದ ತೋಟಗಳಲ್ಲಿ ರಂಜಕ ಅಗತ್ಯಕ್ಕಿಂತ ಹೆಚ್ಚು ಶೇಖರವಾಗಿರುವುದು ಮಣ್ಣಿನ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಂಥಲ್ಲಿ ಕೆಲವು ವರ್ಷ ರಂಜಕವನ್ನು ಬಿಟ್ಟುಬಿಟ್ಟರೂ ಇಳುವರಿಗೆ ಪೆಟ್ಟಿಲ್ಲ. ಪರೀಕ್ಷೆ ಮಾಡಿಸಿದರೆ ಹಣವೂ ಉಳಿಯುತ್ತದೆ, ಕೆರೆಯೂ. ಒಂದು ಮಾತು ಇಲ್ಲಿ ಹೇಳಲೇಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಹಿರಿಯ ಕೃಷಿಕರಲ್ಲಿ ಎಷ್ಟೋ ಮಂದಿ ಓದುವುದು ಕನ್ನಡವನ್ನು ಮಾತ್ರ. ಮಣ್ಣಿನ ಪರೀಕ್ಷೆಯ ವರದಿ ಅವರಿಗೆ ಕನ್ನಡದಲ್ಲಿ ಸಿಗಬೇಕು. ಮಲಯಾಳಂ ಕಾಗದವನ್ನು ಅಂಗಡಿಯವರ ಹತ್ತಿರ ಓದಿಸಿಕೊಂಡು, ಅವರೇ ಹೇಳಿದ ಗೊಬ್ಬರ ಕೊಂಡು ಬರುವ ಸ್ಥಿತಿ ಇರುವ ತನಕ ಆ ವರದಿಯಿಂದ ಪ್ರಯೋಜನವಾಗದು.

ರಂಜಕ ಮುಖ್ಯವೋ ಸಾರಜನಕ ಮುಖ್ಯವೋ ಎಂಬ ವಾದಕ್ಕೆ ದೀರ್ಘ ಇತಿಹಾಸವಿದೆ. ಕೆನಡಾದ ಒಂಟಾರಿಯೋದಲ್ಲಿ 227ನೇ ಸಂಖ್ಯೆಯ ಪುಟ್ಟ ಸರೋವರಕ್ಕೆ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1969ರಿಂದ ಬೇಕೆಂದೇ ಗೊಬ್ಬರ ಹಾಕುತ್ತಾ ಬಂದರು. 1990ರಿಂದ ಸಾರಜನಕವನ್ನು ಪೂರ್ತಿ ನಿಲ್ಲಿಸಿ ರಂಜಕ ಮಾತ್ರ ಹಾಕಿದರು. ಆದರೂ ಸರೋವರದ ಹಸಿರು ತಗ್ಗಲಿಲ್ಲ. ಸಾರಜನಕ ಹಿಡಿಯುವ ಅಫನಿಜೊಮೆನಾನ್ ಮುಂದೆ ಬಂದು ಕೊರತೆಯನ್ನು ತುಂಬಿತು. 1973ರಲ್ಲಿ 226ನೇ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿ ಒಂದು ಬದಿಗೆ ಮಾತ್ರ ರಂಜಕ ಸೇರಿಸಿದಾಗ ಆ ಬದಿ ಮಾತ್ರ ಹಸಿರಾಯಿತು. ಇದಕ್ಕೆ ಆಕ್ಷೇಪ ಎತ್ತಿದವರೂ ಇದ್ದಾರೆ. ಗಾಳಿಯಿಂದ ಹಿಡಿದ ಸಾರಜನಕ ಎಲ್ಲ ಕೆರೆಗಳಲ್ಲೂ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ, ಸಾರಜನಕ ಹೆಚ್ಚಾದರೆ ವಿಷಕಾರಿ ಮೈಕ್ರೋಸಿಸ್ಟಿಸ್ ಬಲಿಯುತ್ತದೆ, ಹಾಗಾಗಿ ಎರಡನ್ನೂ ತಡೆಯಬೇಕು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಯೂರಿಯಾವನ್ನಷ್ಟೇ ತಡೆದು ರಂಜಕವನ್ನು ಬಿಟ್ಟರೆ ಒಂದು ಜಾತಿಯ ಪಾಚಿ ಹೋಗಿ ಇನ್ನೊಂದು ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಚಿಕ್ಕ ಕೆರೆಗಳ ಮಟ್ಟಿಗೆ ಹಟ್ಟಿ, ಶೌಚಗುಂಡಿ, ಕೋಳಿಗೊಬ್ಬರ ಇವುಗಳಿಂದ ಎರಡೂ ಒಟ್ಟಿಗೇ ಬರುತ್ತವೆ. ರಂಜಕ ತಡೆಯುವ ಕೆಲಸ ಮಾಡಿದರೆ ಸಾರಜನಕದ ಬಹುಪಾಲೂ ಜೊತೆಯಲ್ಲೇ ನಿಲ್ಲುತ್ತದೆ.

ಮಾಲಿಬ್ಡಿನಂ ಬಗ್ಗೆ ಸ್ವಲ್ಪ. ಅದು ಬೇಕಾಗುವುದು ಅತಿ ಕಡಿಮೆ, ಆದರೆ ಇಲ್ಲದಿದ್ದರೆ ನೈಟ್ರೋಜಿನೇಸ್ ಕೆಲಸ ಮಾಡದು. ಹುಳಿ ಮಣ್ಣಿನಲ್ಲಿ ಅದು ಸಿಗುವುದು ಕಷ್ಟ, ಸುಣ್ಣ ಹಾಕಿದರೆ ಬಿಡುಗಡೆಯಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇದೆ. ಸಲ್ಫೇಟಿನ ಅಣುವೂ ಮಾಲಿಬ್ಡೇಟಿನ ಅಣುವೂ ಒಂದೇ ಆಕಾರದವು. ಹಾಗಾಗಿ ಉಪ್ಪುನೀರಿನಲ್ಲಿ ಕೋಶಕ್ಕೆ ಮಾಲಿಬ್ಡಿನಂ ಹೀರಿಕೊಳ್ಳುವುದು ಕಷ್ಟವಾಗುತ್ತದೆ ಎಂದು ರಾಬರ್ಟ್ ಹೊವಾರ್ಥ್ ಮತ್ತು ಜೋನಾಥನ್ ಕೋಲ್ 1985ರಲ್ಲಿ ತೋರಿಸಿದರು. ಕೇರಳದ 44 ನದಿಗಳಲ್ಲಿ 12 ಹರಿಯುವ ನಮ್ಮ ಜಿಲ್ಲೆಯಲ್ಲಿ ಬೇಸಗೆಯಲ್ಲಿ ಉಪ್ಪುನೀರು ಬಹಳ ಮೇಲಕ್ಕೆ ಏರುತ್ತದೆ. ಅದನ್ನು ತಡೆಯಲು ಹಿಂದಿನಿಂದ ಮಣ್ಣು, ಕಲ್ಲು, ಸೊಪ್ಪಿನ ಕಟ್ಟಗಳನ್ನು ಕಟ್ಟುತ್ತಿದ್ದೆವು. ಪಯಸ್ವಿನಿ ಹೊಳೆಗೆ ಬಾವಿಕ್ಕೆರೆಯಲ್ಲಿ ಈಗ ಶಾಶ್ವತ ತಡೆಗೋಡೆಯಿದೆ. ಕುಡಿಯುವ ನೀರಿಗೆ ಅದು ಅನಿವಾರ್ಯ. ಆದರೆ ಗೋಡೆಯ ಮೇಲ್ಭಾಗದ ನೀರು ಸಿಹಿಯಾಗಿಯೂ ನಿಶ್ಚಲವಾಗಿಯೂ ಇರುತ್ತದೆ. ರಂಜಕ ಸೇರಿದರೆ ಸಾರಜನಕ ಹಿಡಿಯುವವರಿಗೆ ಬೇಕಾದದ್ದೆಲ್ಲ ಅಲ್ಲಿರುತ್ತದೆ. ಇಂಥ ತಡೆಗೋಡೆಗಳ ಹಿಂದಿನ ನೀರನ್ನು ಬೇಸಗೆಯುದ್ದಕ್ಕೂ ಗಮನಿಸುತ್ತಿರಬೇಕು.

ಕೆರೆಯಲ್ಲಿ ಶತ್ರುವಾದದ್ದು ಗದ್ದೆಯಲ್ಲಿ ಮಿತ್ರ. ಗೊಬ್ಬರವಿಲ್ಲದ ಭತ್ತದ ಗದ್ದೆ ವರ್ಷ ವರ್ಷ ಬೆಳೆ ಕೊಡುವುದರ ಹಿಂದೆ ನೀಲಿ-ಹಸಿರು ಪಾಚಿಗಳಿವೆ ಎಂದು ಪಿ. ಕೆ. ಡೇ 1939ರಲ್ಲಿ ಸಾಧಿಸಿ ತೋರಿಸಿದರು. ಬನಾರಸಿನ ಆರ್. ಎನ್. ಸಿಂಗ್, ದೆಹಲಿಯ ಜಿ. ಎಸ್. ವೆಂಕಟರಾಮನ್ ಆ ಕೆಲಸವನ್ನು ಮುಂದುವರಿಸಿದರು. ಪಾಚಿಯನ್ನು ಒಣಗಿಸಿ ಗೊಬ್ಬರವಾಗಿ ಹಂಚುವ ಪದ್ಧತಿ ಬೆಳೆಯಿತು. ಅನುಕೂಲ ಪರಿಸ್ಥಿತಿಯಲ್ಲಿ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಸಿಗುತ್ತದೆಂಬ ಲೆಕ್ಕವಿದೆ. ಆ ಪಾಚಿಯನ್ನು ತೊಟ್ಟಿಯಲ್ಲಿ ಬೆಳೆಸುವ ಕ್ರಮವನ್ನು ನೋಡಿ: ಮಣ್ಣು, ನೀರು, ಸೂಪರ್ ಫಾಸ್ಫೇಟ್, ಚಿಟಿಕೆ ಸೋಡಿಯಂ ಮಾಲಿಬ್ಡೇಟ್, ಹುಳಿ ಇದ್ದರೆ ಸುಣ್ಣ. ಸಾರಜನಕದ ಗೊಬ್ಬರ ಮಾತ್ರ ಇಲ್ಲ. ಪೈಪೋಟಿಯ ನಿಯಮಗಳೆಲ್ಲ ಆ ಪಟ್ಟಿಯಲ್ಲಿವೆ.

ಹಾಗಾದರೆ ಆ ಪದ್ಧತಿ ಯಾಕೆ ನೆಲೆಯೂರಲಿಲ್ಲ? ಯೂರಿಯಾ ಅಗ್ಗವಾಗಿ ಸಿಕ್ಕಿದ್ದು ಒಂದು ಕಾರಣ. ಅದನ್ನು ಗದ್ದೆಯ ನೀರಿಗೆ ಎರಚಿದ ಕೂಡಲೇ ಪಾಚಿಗಳು ಸಾರಜನಕ ಹಿಡಿಯುವುದನ್ನು ನಿಲ್ಲಿಸುತ್ತವೆ. ಇನ್ನೊಂದು ಕಾರಣ ಪೈಪೋಟಿಯೇ. ಹೊರಗಿನಿಂದ ತಂದು ಎರಚಿದ ತಳಿಗಳು ಗದ್ದೆಯ ಸ್ಥಳೀಯ ಜಾತಿಗಳ ಎದುರು ಹೆಚ್ಚಾಗಿ ಸೋಲುತ್ತವೆ. ಆಸ್ಟ್ರಕೋಡ್ ಎಂಬ ಚಿಪ್ಪಿನ ಸೂಕ್ಷ್ಮ ಪ್ರಾಣಿಗಳೂ ಬಸವನಹುಳುಗಳೂ ಅವನ್ನು ಮೇಯುತ್ತವೆ. ನಮ್ಮ ಹುಳಿ ಮಣ್ಣಿನ ಗದ್ದೆಗಳಲ್ಲಿ ಹೊಸ ತಳಿ ತರುವುದಕ್ಕಿಂತ ಸುಣ್ಣ ಹಾಕಿ, ಇರುವ ಜಾತಿಗಳಿಗೆ ಅನುಕೂಲ ಮಾಡಿಕೊಡುವುದೇ ಜಾಣತನ. ಸಾರಜನಕ ಹಿಡಿಯುವವರೂ ರಂಜಕವಿಲ್ಲದೆ ಸೊರಗುತ್ತಾರೆ ಎಂಬ ಸತ್ಯವನ್ನು, ಹಸುಗಳಿಗೆಂದು ಟಾರ್ಪಾಲಿನ ಹೊಂಡದಲ್ಲಿ ಅಜೋಲ್ಲ ಎಂಬ ತೇಲುವ ಪುಟ್ಟ ಜರೀಗಿಡವನ್ನು ಬೆಳೆಸುವವರು ದಿನವೂ ಕಾಣುತ್ತಾರೆ. ಅಜೋಲ್ಲದ ಎಲೆಯ ಕುಳಿಯೊಳಗೆ ಸಾರಜನಕ ಹಿಡಿಯುವ ಸಯನೋಬ್ಯಾಕ್ಟೀರಿಯಾ ಇದೆ. ಆದರೂ ರಂಜಕ ಕಡಿಮೆಯಾದರೆ ಹಸಿರು ಅಜೋಲ್ಲ ಕೆಂಪಾಗುತ್ತದೆ, ಬೇರು ಉದ್ದವಾಗುತ್ತದೆ. ಸ್ವಲ್ಪ ಸೂಪರ್ ಫಾಸ್ಫೇಟ್ ಹಾಕಿದರೆ ಮತ್ತೆ ಹಸಿರು.

ಗದ್ದೆಗೆ ಇನ್ನೊಂದು ಗುಣವೂ ಇತ್ತು. ಗುಡ್ಡದಿಂದ ಇಳಿದ ನೀರು ಏಣೆಲು, ಸುಗ್ಗಿ ಬೆಳೆಗಳ ಬೈಲಿನಲ್ಲಿ ನಿಂತು, ಮಣ್ಣನ್ನು ಬಿಟ್ಟು, ರಂಜಕವನ್ನು ಭತ್ತಕ್ಕೆ ಕೊಟ್ಟು ಆಮೇಲೆ ತೋಡಿಗೆ ಇಳಿಯುತ್ತಿತ್ತು. 1970ರ ದಶಕದಲ್ಲಿ ಕೇರಳದಲ್ಲಿ ಸುಮಾರು ಎಂಟೂವರೆ ಲಕ್ಷ ಹೆಕ್ಟೇರಿಗೂ ಹೆಚ್ಚು ಭತ್ತವಿತ್ತು. ಈಗ ಉಳಿದಿರುವುದು ಅದರ ಕಾಲು ಭಾಗಕ್ಕೂ ಕಡಿಮೆ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆ ಬರುವ ಮೊದಲೇ ಬೈಲುಗಳಲ್ಲಿ ಅಡಿಕೆ ಎದ್ದು ನಿಂತಿತ್ತು. ತೋಟದ ಕಣಿಗಳು ಕೆಲಸ ಮಾಡುವುದು ನೀರನ್ನು ಬೇಗ ಹೊರಹಾಕಲು. ಮಣ್ಣಾಗಲಿ ರಂಜಕವಾಗಲಿ ಅಲ್ಲಿ ನಿಲ್ಲುವುದಿಲ್ಲ. ಕಣಿ ತೋಡಿಗೆ ಸೇರುವಲ್ಲಿ ಒಂದು ಇಂಗುಗುಂಡಿ, ಸುತ್ತ ಒಂದಿಷ್ಟು ಲಾವಂಚದ ಬೇಲಿ ಇದ್ದರೂ ಬಹಳ ವ್ಯತ್ಯಾಸವಾಗುತ್ತದೆ.

ಹಸಿರಾದ ಕೆರೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಎರಚುವ ಅಭ್ಯಾಸದ ಬಗ್ಗೆ ಎಚ್ಚರಿಕೆ ಬೇಕು. ಬೋರ್ಡೋ ದ್ರಾವಣಕ್ಕೆಂದು ಅಡಿಕೆ ಬೆಳೆಗಾರರ ಮನೆಯಲ್ಲಿ ಮೈಲುತುತ್ತು ಯಾವಾಗಲೂ ಇರುತ್ತದೆ, ಕೈ ಅತ್ತ ಹೋಗುವುದು ಸಹಜ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ. ಆದರೆ ಸಾಯುವಾಗ ಕೋಶ ಒಡೆದು ಒಳಗಿನ ವಿಷ ಒಮ್ಮೆಗೇ ನೀರಿಗೆ ಬರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟಿಗೆ ಮೈಲುತುತ್ತು ಹಾಕಿದ ಕೆಲವೇ ದಿನಗಳಲ್ಲಿ 148 ಮಂದಿ, ಬಹುತೇಕ ಮಕ್ಕಳು, ಯಕೃತ್ತು ಮತ್ತು ಮೂತ್ರಪಿಂಡದ ತೊಂದರೆಯಿಂದ ಬಳಲಿದರು. ಆ ನೀರಿನಲ್ಲಿದ್ದದ್ದು ಮೇಲೆ ಹೇಳಿದ ರಾಫಿಡಿಯೋಪ್ಸಿಸ್. ಅದರ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಇಟ್ಟಿರುವ ಮಿತಿ ಲೀಟರಿಗೆ 0.7 ಮೈಕ್ರೋಗ್ರಾಂ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ಎಲ್ಲ ಪಾಚಿಯೂ ವಿಷಕಾರಿಯಲ್ಲ, ಆದರೆ ಕಣ್ಣಿನಿಂದ ನೋಡಿ ವಿಷವಿದೆಯೋ ಇಲ್ಲವೋ ಹೇಳಲು ಯಾರಿಂದಲೂ ಆಗದು. ಕೆನೆ ಕಟ್ಟಿದ ನೀರನ್ನು ದನಗಳಿಗೆ ಕುಡಿಸಬೇಡಿ. ಮಕ್ಕಳನ್ನು ಈಜಲು ಬಿಡಬೇಡಿ.

ಅಮೀಬಾ ಮಿದುಳು ಜ್ವರದ ಪ್ರಕರಣಗಳು ಕೇರಳದಲ್ಲಿ ಹೆಚ್ಚಿದ ಮೇಲೆ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆದಿದೆ. ಅದು ಅಗತ್ಯ, ಅದನ್ನು ನಿಲ್ಲಿಸಬಾರದು. ಆದರೆ ಹಸಿರು ಕೆರೆಗೆ ಬ್ಲೀಚಿಂಗ್ ಪುಡಿ ಸುರಿದರೆ ಕೆರೆ ಶುದ್ಧವಾಯಿತೆಂದು ತಿಳಿಯುವುದು ಬೇರೆ ಮಾತು. ಅಲ್ಲೂ ಕೋಶಗಳು ಒಡೆಯುತ್ತವೆ, ಅವುಗಳಲ್ಲಿದ್ದ ರಂಜಕ ನೀರಿನಲ್ಲೇ ಉಳಿಯುತ್ತದೆ. ಅಕೈನೀಟ್ ಎಂಬ ಗಟ್ಟಿ ಬೀಜಕೋಶಗಳು ಕೆಸರಿನಲ್ಲಿ ವರ್ಷಗಟ್ಟಲೆ ಕಾದಿದ್ದು ಮುಂದಿನ ಬೇಸಗೆಗೆ ಮತ್ತೆ ಮೊಳೆಯುತ್ತವೆ. ಅದೇ ಹಣದಲ್ಲಿ ಹಟ್ಟಿ ತೊಳೆದ ನೀರಿಗೆ ಒಂದು ಸ್ಲರಿ ಗುಂಡಿ ಕಟ್ಟಿ ತೋಟಕ್ಕೆ ತಿರುಗಿಸಬಹುದು.

ಪಂಚಾಯತುಗಳು ತಮ್ಮ ಕೆರೆಗಳ ನೀರನ್ನು ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಬೇಕು. ಒಮ್ಮೆ ಏಪ್ರಿಲ್ ಕೊನೆಗೆ, ತಳದ ಕೆಸರು ರಂಜಕ ಬಿಡುತ್ತಿರುವಾಗ. ಇನ್ನೊಮ್ಮೆ ಜೂನ್‌ನ ಮೊದಲ ದೊಡ್ಡ ಮಳೆಯ ಮಾರನೆಯ ದಿನ. ಏಪ್ರಿಲಿನ ಅಳತೆ ಹೆಚ್ಚಿದ್ದರೆ ಹೂಳು ತೆಗೆಯಬೇಕು. ಜೂನ್‌ನ ಅಳತೆ ಹೆಚ್ಚಿದ್ದರೆ ಗುಡ್ಡ, ತೋಟ, ಹಟ್ಟಿಗಳ ಕಡೆ ನೋಡಬೇಕು. ಮಾದರಿ ಕೊಡುವಾಗ 'ಒಟ್ಟು ರಂಜಕ' ಎಂದು ಸ್ಪಷ್ಟವಾಗಿ ಬರೆದು ಕೇಳಬೇಕು, ಕರಗಿದ ರಂಜಕ ಸಾಲದು. ಕೇಳದಿದ್ದರೆ ಯಾರೂ ಅದನ್ನು ಅಳೆಯುವುದಿಲ್ಲ, ಏಕೆಂದರೆ ಕುಡಿಯುವ ನೀರಿಗಾಗಿರುವ ಭಾರತೀಯ ಮಾನಕ 10500ರ ಪಟ್ಟಿಯಲ್ಲಿ ರಂಜಕಕ್ಕೆ ಮಿತಿಯೇ ಇಲ್ಲ.